ಅವಳ ರಾಗಿಯ ಹಿಂದೆ ಯಾರದು

ಅವಳು ನಮ್ಮೂರಿಗೆ ಬರುವ ಮುಂಚೆಯೇ ಅವಳ ಸುದ್ದಿ ನಮ್ಮ ಮಿಲ್ಲಿಗೆ ಬಂದಿತ್ತು.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವಾಗ ಕಂಪಲಾಪುರಕ್ಕೆ ಸ್ವಲ್ಪ ಮುಂಚೆ ಒಳಕ್ಕೆ ಹೊರಳಿದರೆ ನಮ್ಮೂರು. ಊರಿಗೆ ಇರುವುದು ಒಂದೇ ಹಿಟ್ಟಿನ ಮಿಲ್ಲು, ಅದು ನಮ್ಮದು. ನನ್ನ ಗಂಡ ಬಾಡಿಗೆ ವ್ಯಾನು ಓಡಿಸುತ್ತಾರೆ, ಮಿಲ್ಲು ನೋಡಿಕೊಳ್ಳುವವಳು ನಾನು. ರಾಗಿ ತಂದವರು ತಮ್ಮ ಸರದಿ ಬರುವವರೆಗೆ ಬಾಗಿಲ ಬಳಿ ಕೂತು ಮಾತಾಡುತ್ತಾರೆ. ಯಂತ್ರದ ಸದ್ದಿಗೆ ಎಲ್ಲರೂ ಗಟ್ಟಿಯಾಗಿಯೇ ಮಾತಾಡಬೇಕು. ಆ ದಿನ ಮಾತ್ರ ಪಕ್ಕದ ಬೀದಿಯ ಹೆಂಗಸು ನಾನು ಯಂತ್ರ ನಿಲ್ಲಿಸುವವರೆಗೆ ಕಾದು, ನನ್ನ ಹತ್ತಿರ ಸರಿದು ಹೇಳಿದಳು.

"ಕೊನೇ ಮನೆಯವಳ ತಂಗಿ ಬತ್ತಾವ್ಳಂತೆ ಕಣಕ್ಕ. ಕಾಡಲ್ಲಿದ್ದೋಳು. ಬಂದೂಕ ಹಿಡ್ಕಂಡು ತಿರುಗ್ತಿದ್ದೋಳು."

ಕೊನೇ ಮನೆಯವರು ಗಂಡ ಹೆಂಡತಿ, ಕೂಲಿ ಮಾಡುವವರು. ಹೆಂಡತಿ ಮಲೆನಾಡಿನ ಕಡೆಯಿಂದ ಮದುವೆಯಾಗಿ ಬಂದವಳು. ಅವಳಿಗೆ ಒಬ್ಬ ತಂಗಿ ಇದ್ದಾಳೆಂಬುದೇ ನಮಗೆ ಗೊತ್ತಿರಲಿಲ್ಲ. ಆ ತಂಗಿ ಹುಡುಗಿಯಾಗಿದ್ದಾಗಲೇ ಮನೆ ಬಿಟ್ಟು ನಕ್ಸಲರ ಜೊತೆ ಸೇರಿ, ಬಹಳ ವರ್ಷ ಕಾಡಿನಲ್ಲೇ ಇದ್ದು, ಆಮೇಲೆ ಶರಣಾಗಿ ಜೈಲಿನಲ್ಲಿದ್ದಳಂತೆ. ಈಗ ಕೇಸುಗಳೆಲ್ಲ ಮುಗಿದಿದ್ದವು. ತಂದೆ ತಾಯಿ ತೀರಿಹೋಗಿದ್ದರು, ಹೋಗಲು ಅಕ್ಕನ ಮನೆಯೊಂದೇ ಉಳಿದಿತ್ತು.

ನನಗೆ ಮೊದಲು ನೆನಪಾದದ್ದು ನಮ್ಮ ಮಾವ. ನನ್ನ ಗಂಡನ ತಂದೆ ಪೊಲೀಸಿನಲ್ಲಿ ದಫೇದಾರರಾಗಿದ್ದು ನಿವೃತ್ತರಾದವರು. ಊರಿನವರು ಈಗಲೂ ಅವರನ್ನು ದಫೇದಾರ್ರೇ ಎಂದೇ ಕರೆಯುತ್ತಾರೆ. ಮಲೆನಾಡಿನ ಕಾಡಿನಲ್ಲಿ ಒಂದು ಮಳೆಗಾಲ ಅವರ ತಂಡದ ಮೇಲೆ ನಕ್ಸಲರ ಗುಂಡಿನ ದಾಳಿ ಆಯಿತು. ಮಾವನ ಸೊಂಟಕ್ಕೆ ಗುಂಡು ಹೊಕ್ಕಿತು. ಅವರ ಮುಂದೆ ನಡೆಯುತ್ತಿದ್ದ ಕೆ.ಆರ್.ನಗರ ಕಡೆಯ ಹುಡುಗ, ಆಗಷ್ಟೇ ಕೆಲಸಕ್ಕೆ ಸೇರಿದ್ದವನು, ಅಲ್ಲೇ ಹೋದ. ಅಂದಿನಿಂದ ಮಾವ ಎಡಗಾಲು ಎಳೆದುಕೊಂಡೇ ನಡೆಯುವುದು. ಪ್ರತಿ ವರ್ಷ ಆ ಹುಡುಗನ ತಿಥಿಗೆ ಹೋಗಿ ಅವನ ತಾಯಿಯನ್ನು ನೋಡಿ ಬರುತ್ತಾರೆ. ಆ ದಿನದ ಬಗ್ಗೆ ಮನೆಯಲ್ಲಿ ಎಂದೂ ಮಾತಾಡಿದವರಲ್ಲ.

ಅವಳು ಬಂದದ್ದು ಒಂದು ಬೆಳಿಗ್ಗೆ, ಜೀಪಿನಲ್ಲಿ. ಜೊತೆಗೆ ಬಂದಿದ್ದ ಇಬ್ಬರು ಮಫ್ತಿಯಲ್ಲಿದ್ದರು, ಆದರೂ ಅವರ ಬೂಟು ನೋಡಿದರೆ ಗೊತ್ತಾಗುತ್ತಿತ್ತು. ನಲವತ್ತು ದಾಟಿದ ಸಣಕಲು ಹೆಂಗಸು, ಕೈಯಲ್ಲಿ ಒಂದು ಚೀಲ. ಬೀದಿಯಲ್ಲಿ ನಿಂತಿದ್ದ ಮಕ್ಕಳನ್ನು ತಾಯಂದಿರು ಒಳಕ್ಕೆ ಕರೆದುಕೊಂಡರು. ಮಾವ ಮಿಲ್ಲಿನ ಬಾಗಿಲಲ್ಲಿ ನಿಂತು ಜೀಪು ಹೋಗುವವರೆಗೂ ನೋಡಿದರು. ಆ ದಿನ ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ. ಕರೆಯಲು ಹೋದರೆ, "ಅಸಿವಿಲ್ಲ ಕಣ್ ಮಗ," ಅಂದರು.

ಊರಿನವರು ಅವಳಿಗೆ ಕಾಡಿನೋಳು ಎಂದು ಹೆಸರಿಟ್ಟರು. ಕೇಸು ಮುಗಿದಿದ್ದರೂ, ಶರಣಾದವಳೆಂದು ವಾರಕ್ಕೊಮ್ಮೆ ಅವಳು ಹುಣಸೂರಿನ ಠಾಣೆಗೆ ಹೋಗಿ ರುಜು ಹಾಕಿ ಬರಬೇಕಿತ್ತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇರುತ್ತಿತ್ತು, ನಿಂತವರು ನಿಂತೇ ಇರುತ್ತಿದ್ದರು.

ಮಿಲ್ಲಿನಲ್ಲಿ ನಡೆದದ್ದು ಇನ್ನೊಂದು ತರಹ. ರಾಗಿ ಬೀಸುವ ಮಿಲ್ಲಿನಲ್ಲಿ ಒಬ್ಬರ ಹಿಟ್ಟು ಪೂರ್ತಿ ಹೊರಗೆ ಬರುವುದಿಲ್ಲ. ಕಲ್ಲಿನ ಸಂದಿಯಲ್ಲಿ ಒಂದು ಹಿಡಿ ಉಳಿದುಬಿಡುತ್ತದೆ, ಅದು ಮುಂದಿನವರ ಹಿಟ್ಟಿನ ಜೊತೆ ಬರುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅವಳು ಮೊದಲ ಸಲ ಡಬ್ಬ ತಂದು ಸಾಲಿನಲ್ಲಿಟ್ಟಾಗ, ಅವಳ ಹಿಂದಿದ್ದ ಹೆಂಗಸು ತನ್ನ ಚೀಲವನ್ನು ಎತ್ತಿ ಮುಂದಕ್ಕೆ ಇಟ್ಟಳು. ಅದರ ಹಿಂದಿನವಳೂ ಎತ್ತಿಟ್ಟಳು. ಒಬ್ಬಳು, "ಒಲೆ ಮೇಲೆ ಹಾಲಿಟ್ಟಿದ್ದೆ, ಮರ್ತೇಬುಟ್ಟೆ," ಎಂದು ಚೀಲ ಹೊತ್ತುಕೊಂಡು ಹೊರಟೇಬಿಟ್ಟಳು. ಕಡೆಗೆ ಅವಳ ಡಬ್ಬ ಸಾಲಿನ ತುದಿಗೆ ಬಂತು. ಹೊಸದಾಗಿ ಬಂದವರು ಅದನ್ನು ನೋಡಿ ಬಾಗಿಲಲ್ಲೇ ನಿಂತರು.

"ನಂದು ಕಡೆಗೇ ಹಾಕಿ ಅಕ್ಕ. ಎಲ್ಲರದ್ದೂ ಆಗಲಿ," ಅಂದಳು ಅವಳು. ನಮ್ಮ ಕಡೆಯ ಮಾತಲ್ಲ ಅದು, ಒಂದೊಂದು ಅಕ್ಷರವನ್ನೂ ಪೂರ್ತಿ ಹೇಳುತ್ತಿದ್ದಳು.

ಕಡೆಗೆ ಹಾಕಿದರೂ ಕಡೆ ಎಂಬುದು ಮಿಲ್ಲಿನಲ್ಲಿ ಇಲ್ಲವಲ್ಲ. ಮರುದಿನ ಬೆಳಿಗ್ಗೆ ಮೊದಲು ಬಂದವರು, "ನೆನ್ನೆ ಕೊನೇಲಿ ಯಾರ್ದು ಬೀಸ್ದೆ ಕಣಕ್ಕ?" ಎಂದು ಕೇಳತೊಡಗಿದರು. ಎರಡು ಮೂರು ಮನೆಯವರು ಕಂಪಲಾಪುರಕ್ಕೆ ರಾಗಿ ಹೊರಲು ಶುರುಮಾಡಿದರು. ನನಗೆ ಬೇರೆ ದಾರಿ ಕಾಣದೆ, ಅವಳದು ಆದ ಮೇಲೆ ನಮ್ಮ ಮನೆಯ ರಾಗಿ ಒಂದು ಸೇರು ಹಾಕಿಬಿಡುತ್ತಿದ್ದೆ, ಎಲ್ಲರ ಕಣ್ಣೆದುರಿಗೇ. ಆ ಹಿಟ್ಟಿನಲ್ಲಿ ಮುದ್ದೆ ಮಾಡಿದ ದಿನ ಮಾವನ ತಟ್ಟೆಗೆ ಬಡಿಸುವಾಗ ನನ್ನ ಕೈ ತಡೆಯುತ್ತಿತ್ತು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಅವಳು ಬಂದ ವಾರದಲ್ಲೇ ಮಾವ ಹೊಸದೊಂದು ಅಭ್ಯಾಸ ಹಿಡಿದಿದ್ದರು. ಕೊನೇ ಮನೆಯ ಎದುರಿಗೆ ಹಳೇ ಹಾಲಿನ ಡೈರಿಯ ಕಟ್ಟಡ ಖಾಲಿ ಬಿದ್ದಿದೆ. ಬೆಳಿಗ್ಗೆ ಕಾಫಿ ಕುಡಿದು, ಕೋಲೂರಿಕೊಂಡು ಹೋಗಿ ಅದರ ಜಗುಲಿಯ ಮೇಲೆ ಕೂರುತ್ತಿದ್ದರು. ಪೇಪರಿಲ್ಲ, ಬೀಡಿ ಇಲ್ಲ, ಮಾತಿಲ್ಲ. ಎದುರಿನ ಬಾಗಿಲನ್ನೇ ನೋಡುತ್ತ ಸಂಜೆಯವರೆಗೆ ಕೂತಿರುವರು. ಊಟಕ್ಕೆ ಬಾರದೆ ಇದ್ದಾಗ ನಾನೇ ಒಯ್ದು ಕೊಡುತ್ತಿದ್ದೆ. ಅವಳು ಹೊರಗೆ ಬಂದು ಪಾತ್ರೆ ತೊಳೆದು, ಬಟ್ಟೆ ಒಣಹಾಕಿ ಒಳಕ್ಕೆ ಹೋಗುವಳು. ಒಮ್ಮೆಯೂ ತಲೆ ಎತ್ತಿ ಅವರ ಕಡೆ ನೋಡುತ್ತಿರಲಿಲ್ಲ. ಬಾಗಿಲನ್ನೂ ಮುಚ್ಚುತ್ತಿರಲಿಲ್ಲ.

ಊರಿಗೆ ಇದು ಒಪ್ಪಿಗೆಯಾಯಿತು. "ದಫೇದಾರ್ರು ಕಣ್ಣಿಟ್ಟವ್ರೆ, ಇನ್ ಬುಡಿ," ಎಂದು ಮಿಲ್ಲಿನಲ್ಲಿ ಆಡಿಕೊಂಡರು. ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ನೆಮ್ಮದಿ ಇರಲಿಲ್ಲ. ನನ್ನ ಗಂಡ ಅಟ್ಟದ ಮೇಲಿದ್ದ ಮಚ್ಚು ಕುಡುಗೋಲುಗಳನ್ನೆಲ್ಲ ತೆಗೆದು ವ್ಯಾನಿನ ಸೀಟಿನ ಕೆಳಗೆ ಬೀಗ ಹಾಕಿಟ್ಟರು. "ಅಪ್ಪನ ತಲೇಲಿ ಏನದೋ ಗೊತ್ತಾಯ್ತಿಲ್ಲ ಕಣೆ," ಅಂದರು.

ಒಂದು ದಿನ ನಾನು ಬುತ್ತಿ ಕೊಟ್ಟು ಹೊರಡುವಾಗ ಮಾವ ಕೇಳಿದರು. "ಅವ್ಳು ಮಿಲ್ಲಿಗೆ ಒಬ್ಳೇ ಬತ್ತಾಳಾ?"

"ಒಬ್ಳೇ."

"ಯಾವತ್ತು ಬತ್ತಾಳೆ?"

ನಾನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. "ಗೊತ್ತಿಲ್ಲ ಮಾವ, ರಾಗಿ ಮುಗ್ದಾಗ," ಅಂದೆ. ಅವರು ತಲೆಯಾಡಿಸಿ ಮತ್ತೆ ಎದುರಿನ ಬಾಗಿಲ ಕಡೆ ತಿರುಗಿದರು.

ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ ಬಂತು. ಬೇಯಿಸುವುದೆಂದರೆ, ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮುಚ್ಚು ಮನೆಯೊಳಗೆ ಸಾಲಾಗಿ ತೂಗುಹಾಕಿ, ಕೆಳಗೆ ಬೆಂಕಿ ಹಾಕಿ ಕಾವಿನಲ್ಲಿ ಒಣಗಿಸುವುದು. ಕೊನೇ ಮನೆಯ ಗಂಡ ಹೆಂಡತಿ ಒಬ್ಬ ದೊಡ್ಡ ರೈತರ ಬ್ಯಾರನ್ನಿನಲ್ಲಿ ಕಡ್ಡಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಅವಳನ್ನು ಮಾತ್ರ ಯಾರೂ ಕರೆದಿರಲಿಲ್ಲ.

ಒಂದು ಮಧ್ಯಾಹ್ನ ಆ ಬ್ಯಾರನ್ನಿಗೆ ಬೆಂಕಿ ಬಿತ್ತು. ಒಣಗಿದ ಸೊಪ್ಪು, ಒಳಗೆಲ್ಲ ಮರದ ತೊಲೆ, ಯಾರೇನೂ ಮಾಡುವಂತಿರಲಿಲ್ಲ. ಹುಣಸೂರಿನಿಂದ ನೀರಿನ ಗಾಡಿ ಬರುವಷ್ಟರಲ್ಲಿ ಹೆಂಚು ಕುಸಿದಿತ್ತು. ಊರಿನ ಮೇಲೆಲ್ಲ ಕಹಿ ಹೊಗೆ ಕವಿದುಕೊಂಡಿತು. ಕಣ್ಣುಜ್ಜಿಕೊಳ್ಳುತ್ತ ನಿಂತ ಜನರಲ್ಲಿ ಯಾರೋ ಒಬ್ಬರು ಅಂದರು: "ಇಷ್ಟ್ ವರ್ಸ ಇಲ್ದೆ ಇದ್ದುದ್ದು ಈ ವರ್ಸ ಯಾಕ್ ಬಿತ್ತು?" ಅಷ್ಟೇ ಸಾಕಾಯಿತು. ಹತ್ತಿಪ್ಪತ್ತು ಜನ ಗಂಡಸರು ಅಲ್ಲಿಂದ ನೇರವಾಗಿ ಕೊನೇ ಮನೆಯ ಕಡೆ ನಡೆದರು. ಬ್ಯಾರನ್ನಿನ ಆ ರೈತರು ಮುಂದೆ ಇದ್ದರು. ಒಬ್ಬನ ಕೈಯಲ್ಲಿ ಸೌದೆ ತುಂಡಿತ್ತು. ನಾನು ಮಿಲ್ಲು ನಿಲ್ಲಿಸಿ, ಕೈಗೆ ಮೆತ್ತಿದ್ದ ಹಿಟ್ಟನ್ನೂ ಒರೆಸದೆ ಹಿಂದೆ ಓಡಿದೆ.

ಅವಳು ಬಾಗಿಲಲ್ಲಿ ನಿಂತಿದ್ದಳು. ಓಡಲಿಲ್ಲ, ಒಳಕ್ಕೆ ಹೋಗಿ ಚಿಲಕವನ್ನೂ ಹಾಕಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಇಟ್ಟುಕೊಂಡಿದ್ದಳು.

"ಹೊರೀಕ್ ಬಾ," ಅಂದರು ರೈತರು.

ಡೈರಿಯ ಜಗುಲಿಯಿಂದ ಮಾವ ಎದ್ದರು. ಅವರು ಏಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಜನ ಅವರಿಗೆ ದಾರಿ ಬಿಟ್ಟರು, ಮೊದಲ ಏಟು ಅವರದೇ ಎಂದುಕೊಂಡರೋ ಏನೋ. ನಾನೂ ಹಾಗೇ ಅಂದುಕೊಂಡೆ. ಮಾವ ಕಾಲೆಳೆಯುತ್ತ ರಸ್ತೆ ದಾಟಿ, ಅವಳಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದರು.

"ಬೆಳಿಗ್ಗೆಯಿಂದ ಇವ್ಳು ಈ ಅಂಗಳ ದಾಟಿಲ್ಲ. ನಾನು ಅಲ್ಲೇ ಕೂತು ನೋಡ್ತಾ ಇವ್ನಿ."

ಸೌದೆ ಹಿಡಿದಿದ್ದವನು, "ನಿಮ್ ಸೊಂಟ ಮುರ್ದೋರ ಪರ ನೀವೇ ಮಾತಾಡ್ತೀರಲ್ಲ ದಫೇದಾರ್ರೇ," ಅಂದ.

"ಯಾರ ಪರಾನೂ ಅಲ್ಲ ಕಣಪ್ಪ. ಕಂಡದ್ದ ಅಂದೆ. ಠಾಣೇಲಿ ಕೇಳುದ್ರೂ ಇದ್ನೇ ಅಂತೀನಿ."

ಜನ ಕರಗಲು ಬಹಳ ಹೊತ್ತು ಹಿಡಿಯಿತು. ಒಬ್ಬೊಬ್ಬರೇ ಹಿಂದೆ ತಿರುಗಿ ನೋಡುತ್ತ ಹೋದರು. ಮನೆಗೆ ಬಂದ ಮೇಲೆ ಮಾವ ಕೈಕಾಲು ತೊಳೆದು, ಮುದ್ದೆ ಉಂಡು ಮಲಗಿದರು.

ಎರಡು ದಿನ ಬಿಟ್ಟು ಅವಳು ಮಿಲ್ಲಿಗೆ ಬಂದಳು. ಬೇರೆ ಯಾರೂ ಇರಲಿಲ್ಲ. ಅವಳ ರಾಗಿ ಅರ್ಧ ಇಳಿದಿತ್ತು, ಮಾವ ಒಳಗೆ ಬಂದು ಯಂತ್ರ ನಿಲ್ಲಿಸುವಂತೆ ನನಗೆ ಸನ್ನೆ ಮಾಡಿದರು. ಯಂತ್ರದ ಬೆಲ್ಟು ಸುತ್ತಿ ಸುತ್ತಿ ನಿಂತಿತು.

ಮಾವ ಒಂದು ಹಳ್ಳದ ಹೆಸರು ಹೇಳಿದರು. "ಸೇತುವೆ ಕೊಚ್ಕಂಡೋಗಿತ್ತಲ್ಲ, ಆ ಮಳೆಗಾಲ. ಆವತ್ತು ನೀನು ಇದ್ಯಾ ಅಲ್ಲಿ?"

ಅವಳು ಅವರನ್ನೇ ನೋಡಿದಳು. "ಇದ್ದೆ."

"ಗುಂಡು ಹೊಡುದ್ಯಾ?"

"ಹೊಡೆದೆ. ಯಾರಿಗೆ ತಾಗಿತು ಅಂತ ಗೊತ್ತಿಲ್ಲ. ಮಳೆ ಸುರಿಯುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ನಮ್ಮ ಕಡೆಯವರೂ ಇಬ್ಬರು ಸತ್ತರು."

ಮಾವನ ಮುಖ ಬೂದಿ ಬಳಿದ ಹಾಗಾಯಿತು. ಕೋಲಿನ ಮೇಲಿದ್ದ ಅವರ ಕೈಯನ್ನೇ ನಾನು ನೋಡುತ್ತಿದ್ದೆ. ಅವರು ಕೋಲೂರಿಕೊಂಡು ಬಾಗಿಲ ಕಡೆ ತಿರುಗಿ, "ನಾಳೆ ನನ್ ಜೊತೆ ಬಾ. ಕೆ.ಆರ್.ನಗರಕ್ಕೆ," ಅಂದರು. ಯಾಕೆ ಎಂದು ಹೇಳಲಿಲ್ಲ. ಅವಳೂ ಕೇಳದೆ, "ಬರ್ತೇನೆ," ಅಂದಳು.

ಮರುದಿನ ನನ್ನ ಗಂಡ ವ್ಯಾನು ತೆಗೆದರು. ಮಾವನನ್ನು ಅವಳ ಜೊತೆ ಬಿಡಲು ನನಗೆ ಧೈರ್ಯವಿರಲಿಲ್ಲ, ಅವಳನ್ನು ಮಾವನ ಜೊತೆ ಬಿಡಲೂ ಇರಲಿಲ್ಲ. ನಾನೂ ಹತ್ತಿದೆ. ಮಾವ ಮುಂದೆ ಕೂತರು, ನಾವಿಬ್ಬರು ಹಿಂದೆ. ಪ್ರತಿ ವರ್ಷ ಸತ್ತ ಹುಡುಗನ ತಾಯಿಯ ಮನೆಗೆ ಹೋಗುವಾಗ ಮಾವ ಹುಣಸೂರಿನಲ್ಲಿ ಇಳಿದು ಬಾಳೆಹಣ್ಣು ಕೊಳ್ಳುವುದು ರೂಢಿ. ಆ ದಿನ ನನ್ನ ಗಂಡ ಹಣ್ಣಿನ ಅಂಗಡಿಯ ಮುಂದೆ ನಿಧಾನ ಮಾಡಿದರೆ, "ನಿಲ್ಲಿಸ್ಬ್ಯಾಡ, ನಡಿ," ಅಂದರು. ಬರಿಗೈಯಲ್ಲಿ ಅವರು ಆ ಮನೆಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಕೆ.ಆರ್.ನಗರ ಹತ್ತಿರವಾದಂತೆ ಕಾಲುವೆ, ಗದ್ದೆ, ಕಬ್ಬು ಶುರುವಾದವು. ಎರಡು ಆಳೆತ್ತರದ ಕಬ್ಬಿನ ನಡುವೆ ರಸ್ತೆ ಕಿರಿದಾಯಿತು. ಅವಳು ಕಿಟಕಿಯಿಂದ ಆ ಕಬ್ಬಿನ ಒಳಗನ್ನೇ, ಯಾರೋ ಅಡಗಿ ಕಾಯುತ್ತಿದ್ದಾರೆಂಬಂತೆ ದಿಟ್ಟಿಸುತ್ತಿದ್ದಳು.

ಆ ಹುಡುಗನ ತಾಯಿ ತಮ್ಮ ಮನೆಯ ಮುಂದೆ ಕೂತು ಹುರುಳಿ ಕೇರುತ್ತಿದ್ದರು. ಎಪ್ಪತ್ತು ದಾಟಿದ ಮುದುಕಿ. ಮಾವನನ್ನು ಕಂಡು ಮೊರ ಕೆಳಗಿಟ್ಟರು. "ಇದೇನಪ್ಪ, ಇನ್ನೂ ತಿಥಿ ಬಂದಿಲ್ವಲ್ಲ."

ಮಾವ ಕೂರಲಿಲ್ಲ. "ಅವ್ವ, ಇವ್ಳು ಆವತ್ತು ಆ ಕಡೆ ಇದ್ದೋಳು," ಅಂದರು.

ಮುದುಕಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎದ್ದು ಒಳಗೆ ಹೋದರು. ಒಳಗೆ ಪಾತ್ರೆಯ ಸದ್ದಾಯಿತು. ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ನನ್ನ ಗಂಡ ಒಂದು ಹೆಜ್ಜೆ ಮುಂದೆ ಬಂದು ನಿಂತರು. ಮುದುಕಿ ಒಲೆ ಆರಿಸಿ ಹೊರಗೆ ಬಂದು ಹೊಸ್ತಿಲ ಮೇಲೆ ಕೂತರು.

"ಅವ್ನು ಏನಾರ ಕೂಗ್ಕಂಡ್ನಾ?" ಎಂದು ಅವಳನ್ನು ಕೇಳಿದರು.

ಅವಳು ಹೇಳಿದಳು. "ಯಾರೋ ಅವ್ವಾ ಅಂತ ಕೂಗಿದ್ದು ಕೇಳಿತು. ನಿಮ್ಮ ಮಗನೋ, ಬೇರೆಯವರೋ ಗೊತ್ತಿಲ್ಲ."

ಮುದುಕಿಯ ಕಣ್ಣು ತುಂಬಿತು. ಆಗ ಮಾವ, ನೆಲ ನೋಡುತ್ತ, "ಅದು ಅವ್ನಲ್ಲ ಕಣವ್ವ. ಕೂಗಿದ್ದು ನಾನು. ಅವ್ನು ಸದ್ದೇ ಮಾಡ್ಲಿಲ್ಲ," ಅಂದರು.

"ಅಂಗಾದ್ರೆ ನನ್ನ ಕೂಗ್ಲೇ ಇಲ್ವಾ," ಅಂದರು ಮುದುಕಿ. ಯಾರನ್ನೂ ಕೇಳಿದ್ದಲ್ಲ ಅದು.

ಅವಳು ಮುಂದೆ ಬಂದು ಬಗ್ಗಿದಳು. ಮುದುಕಿ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡರು. "ಮುಟ್ಬ್ಯಾಡ," ಅಂದರು. ಅವಳು ಹಾಗೇ ಅರ್ಧ ಬಗ್ಗಿ ನಿಂತಳು. ಕಾಗೆಗಳು ಮೊರದ ಹುರುಳಿಗೆ ಬಂದು ಕೂತವು, ಓಡಿಸುವವರಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಮನೆಗೆ ಬಂದೋರ ಅಂಗೇ ಕಳ್ಸಕಾಯ್ತದಾ. ಉಣ್ಕಂಡ್ ವೋಗಿ. ನೀನೂವೆ," ಎಂದು ಅವಳಿಗೆ ಹೇಳಿದರು. "ಆದ್ರೆ ಇನ್ನೊಂದ್ ಸಲ ಬರ್ಬ್ಯಾಡ. ನಿನ್ ಮುಖ ನೋಡಕೆ ನನ್ ಕೈಲಾಗಕಿಲ್ಲ."

ನಾವು ಅನ್ನ, ಹುರುಳಿ ಸಾರು ಉಂಡೆವು. ಗೋಡೆಯ ಮೇಲಿನ ಫೋಟೋದಲ್ಲಿ ಅವರ ಮಗ ಪೊಲೀಸ್ ಟೋಪಿಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡಿದ್ದ. ಮುದುಕಿ ಅವಳ ತಟ್ಟೆಗೂ ಎರಡು ಸಲ ಬಡಿಸಿದರು, ಮುಖ ಮಾತ್ರ ನೋಡಲಿಲ್ಲ. ಹೊರಡುವಾಗ ಮಾವನನ್ನು, "ತಿಥಿಗೆ ಬರ್ತೀಯ ತಾನೆ," ಎಂದು ಕೇಳಿದರು. ವ್ಯಾನಿನಲ್ಲಿ ಅವಳು ಅತ್ತಳು. ಮಾವ ಮುಂದಿನ ಸೀಟಿನಿಂದ ತಿರುಗದೆಯೇ ನೀರಿನ ಬಾಟಲಿಯನ್ನು ಹಿಂದಕ್ಕೆ ಕೊಟ್ಟರು. ನನಗೆ ಕೊಟ್ಟರೋ ಅವಳಿಗೋ ತಿಳಿಯಲಿಲ್ಲ, ನಾನು ಅವಳಿಗೆ ದಾಟಿಸಿದೆ.

ಅಂದಿನಿಂದ ಮಾವ ಡೈರಿಯ ಜಗುಲಿಗೆ ಹೋಗಲಿಲ್ಲ. ಒಳ್ಳೆಯದಾಯಿತು ಎಂದು ನಾನು ಅಂದುಕೊಂಡೆ, ಆದರೆ ಅವರು ಅಲ್ಲಿ ಕೂರುತ್ತಿದ್ದಷ್ಟು ದಿನ ಆ ಬೀದಿಗೆ ತಂಟೆ ಮಾಡಲು ಯಾರೂ ಬರುತ್ತಿರಲಿಲ್ಲ. ಈಗ ಕತ್ತಲಾಗುತ್ತಲೇ ಕೊನೇ ಮನೆಯ ಹೆಂಚಿನ ಮೇಲೆ ಕಲ್ಲು ಬೀಳತೊಡಗಿತು. ಬ್ಯಾರನ್ನಿಗೆ ಬೆಂಕಿ ಬಿದ್ದದ್ದು ಕಾವಿನ ಕೊಳವೆ ಬಿರುಕು ಬಿಟ್ಟಿದ್ದರಿಂದ ಎಂದು ರೈತರೇ ಹೇಳಿದರು. ಅದನ್ನು ಎಲ್ಲರೂ ನಂಬಿದರು, ಅವಳ ಮೇಲಿನ ಮಾತನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಿಲ್ಲ. "ದಫೇದಾರ್ರಿಗೆ ಮಂಕುಬೂದಿ ಎರಚವ್ಳೆ," ಎಂಬ ಮಾತು ಹುಟ್ಟಿತು. ನಾನು ಬಾಗಿಲಿಗೆ ಬಂದರೆ ಮಿಲ್ಲಿನ ಮುಂದಿನ ಮಾತು ನಿಲ್ಲುತ್ತಿತ್ತು. ಆ ಕಾಡಿನ ಗುಂಡೇಟಿಗೆ ಯಾರನ್ನೂ ಕಳೆದುಕೊಳ್ಳದವರು ಇವರೆಲ್ಲ. ಕಳೆದುಕೊಂಡ ಮುದುಕಿ ಕೂರಿಸಿ ಅನ್ನ ಹಾಕಿದ್ದನ್ನು ನಾನು ಹೇಳಿದರೆ, "ಪಾಪ, ವಯಸ್ಸಾಗದೆ, ಅರಳುಮರಳು," ಅಂದರು.

ಅವಳ ಅಕ್ಕನಿಗೂ ಭಾವನಿಗೂ ಕೂಲಿ ಸಿಗುವುದು ನಿಂತಿತು. ಭಾವನೇ ಮುಖ ತಿರುಗಿಸಿಕೊಂಡು ಹೇಳಿದನಂತೆ, "ನೀನಿರೋಗಂಟ ನಮ್ಮುನ್ಯಾರೂ ಕರ್ಯಾಕಿಲ್ಲ," ಎಂದು. ಅವಳು ಜಗಳವಾಡಲಿಲ್ಲ. ಎಚ್.ಡಿ.ಕೋಟೆ ಕಡೆ ಶುಂಠಿ ಹೊಲದಲ್ಲಿ ಕೆಲಸ ಹುಡುಕಿಕೊಂಡಳು. ಹೊರಡುವ ಮುಂಚೆ ಮಿಲ್ಲಿಗೆ ಬಂದು ನನಗೆ ತನ್ನ ಫೋನ್ ನಂಬರ್ ಕೊಟ್ಟಳು. "ದಫೇದಾರರಿಗೂ ಹೇಳಿ ಅಕ್ಕ," ಅಂದಳು. ಅವಳು ಬಸ್ಸು ಹತ್ತಿದಾಗ ಇಬ್ಬರು ಬೈಕಿನಲ್ಲಿ ಅದೇ ದಾರಿ ಹಿಡಿದರು. ನಮ್ಮೂರಿನವರಲ್ಲ. ಬೇರೆ ಕೆಲಸಕ್ಕೆ ಹೋದವರೇ ಇರಬಹುದು.

ಮೂರು ತಿಂಗಳಾಗಿರಬೇಕು, ಒಬ್ಬ ಗಂಡಸು ಮಿಲ್ಲಿಗೆ ಬಂದ. ಕೈಯಲ್ಲಿ ರಾಗಿ ಇರಲಿಲ್ಲ. ಕೋಟೆ ಕಡೆ ಶುಂಠಿ ಬೆಳೆಯುವವರ ಪೈಕಿ ತಾನು ಎಂದು ಹೇಳಿಕೊಂಡು, "ನಮ್ ಹೊಲ್ದಲ್ಲಿ ಒಬ್ಳು ಹೆಂಗಸವ್ಳೆ, ಈ ಊರಲ್ಲಿದ್ದೆ ಅಂತಾಳೆ. ಈ ಊರಿಗ್ ಬರಕ್ಕೆ ಮುಂಚೆ ಎಲ್ಲಿದ್ಲು?" ಎಂದು ಕೇಳಿದ.

ಒಳಗಿದ್ದ ಮಾವ ಬಾಗಿಲಿಗೆ ಬಂದರು. "ನಮ್ ಮನೇಲಿದ್ಲು. ನಮ್ ಕಡೆ ಹುಡುಗಿ. ಯಾಕೆ?"

"ಏನಿಲ್ಲ, ಸುಮ್ಕೆ," ಅಂದ ಅವನು. ಹೊರಗೆ ಹೋಗಿ ಬೈಕಿನ ಪಕ್ಕ ನಿಂತು, ನಮ್ಮ ಮಿಲ್ಲಿನ ಕಡೆ ನೋಡುತ್ತಲೇ ಫೋನಿನಲ್ಲಿ ಮಾತಾಡಿದ. ಆಮೇಲೆ ಹೋದದ್ದು ಕೋಟೆಯ ದಾರಿಯಲ್ಲಲ್ಲ.

ಮಾವ ನನ್ನ ಫೋನಿನಿಂದ ಅವಳಿಗೆ ಕರೆ ಮಾಡಿಸಿದರು. ಮೂರು ಸಲ ರಿಂಗಾಗಿ ನಿಂತಿತು. ಮರುದಿನ ಬೆಳಿಗ್ಗೆ ಅವಳೇ ಮಾಡಿದಳು. ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು. ನಾನು ಸ್ಪೀಕರ್ ಹಾಕಿದೆ, ಮಾವ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಎಲ್ಲಿದ್ದೀಯವ್ವ?" ಅಂದರು.

"ಕೋಟೆ ಬಿಟ್ಟೆ. ಅಲ್ಲೂ ಯಾರೋ ನನ್ನನ್ನು ವಿಚಾರಿಸಿಕೊಂಡು ಬಂದಿದ್ದರು, ಯಾರೆಂದು ಗೊತ್ತಿಲ್ಲ. ಎಲ್ಲಿಗೆ ಅಂತ ಹೇಳುವುದಿಲ್ಲ ದಫೇದಾರರೇ. ಗೊತ್ತಿಲ್ಲದಿದ್ದರೆ ನಿಮಗೆ ಒಳ್ಳೆಯದು."

"ಅದೂ ಸರಿಯೇ," ಅಂದರು ಮಾವ. "ಉಂಡ್ಯಾ?"

"ಉಂಡೆ," ಅಂದಳು. ಫೋನು ಕಟ್ಟಾಯಿತು. ಆ ನಂಬರಿಗೆ ಆಮೇಲೆ ನಾನು ಎಷ್ಟೋ ಸಲ ಮಾಡಿದ್ದೇನೆ, ಸ್ವಿಚ್ ಆಫ್ ಎಂದೇ ಬರುತ್ತದೆ. ಮಾವ ಕೇಳಿದಾಗಲೆಲ್ಲ, ಇನ್ನೊಂದು ಸಲ ಮಾಡಿ ನೋಡುತ್ತೇನೆ ಎನ್ನುತ್ತೇನೆ.